ಐದು ಗಂಟೆಯೊಳಗೆ ಉತ್ತರ ಬೇಕು

ಇಂಗ್ಲಿಷ್ ಭಾಷೆ ಈ ಭೂಮಿಯ ಮೇಲೆ ಹೆದರಬೇಕಾದದ್ದು ಒಬ್ಬರಿಗೆ ಮಾತ್ರ. ಅವರು ಮುಂಬಯಿಯ ಮುಲುಂಡಿನ ಒಂದು ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿರುವ ನಮ್ಮ ಸೋದರತ್ತೆ! ಇದು ಇಂಗ್ಲಿಷಿಗೆ ಇನ್ನೂ ಗೊತ್ತಾಗಿಲ್ಲದಿರಬಹುದು. ನನಗೆ ಚೆನ್ನಾಗಿ ಗೊತ್ತು. ಅದರ ಪರವಾಗಿ ಕಟಕಟೆಯಲ್ಲಿ ನಿಲ್ಲುವವನು ನಾನೇ ತಾನೆ?

ನಾನು ಮಾಡಿದ ಪಾಪ ಇಷ್ಟೇ: ಪವಾಯಿಯ ಒಂದು ಕಂಪನಿಯಲ್ಲಿ ಯಂತ್ರಗಳ ಜೊತೆಗೆ ಬರುವ ಕೈಪಿಡಿಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತೇನೆ. 'ಮೊದಲು ಪ್ಲಗ್ ಹಾಕಿ, ಆಮೇಲೆ ಗುಂಡಿ ಒತ್ತಿ' ಎಂದು ಬರೆಯಲು ಎಷ್ಟು ಇಂಗ್ಲಿಷ್ ಬೇಕು? ಅತ್ತೆ ಇದನ್ನು ಒಪ್ಪುವುದಿಲ್ಲ.

"ಇಂಗ್ಲಿಷ್‌ದಾಗ ಬರದು ಪಗಾರ ತಗೊಳ್ಳಾಂವ ನೀ. ನಿನಗ ಗೊತ್ತಿಲ್ಲಂದ್ರ ಮತ್ಯಾರಿಗೆ ಗೊತ್ತಿರಬೇಕು?"

ಅತ್ತೆ ಮೂವತ್ತು ವರ್ಷ ಇದೇ ಮುಂಬಯಿಯ ಒಂದು ಕನ್ನಡ ಶಾಲೆಯಲ್ಲಿ ಪಾಠ ಹೇಳಿದವರು. ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಅವರ ಕೈಯಲ್ಲೇ ಅ ಆ ತಿದ್ದಿದ್ದು. ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ಇಂಗ್ಲಿಷ್ ಶಾಲೆಗೆ ಹೋದರು. ಕೊನೆಯ ವರ್ಷ ಅತ್ತೆಯ ಕ್ಲಾಸಿನಲ್ಲಿ ಉಳಿದದ್ದು ಒಂದೇ ಹುಡುಗಿ. ದಿನಾ ಅವಳೊಬ್ಬಳದೇ ಹಾಜರಿ ಕರೆದು, ಅವಳಿಗೇ ಮೊದಲ ನಂಬರು ಕೊಟ್ಟು ಅತ್ತೆ ನಿವೃತ್ತರಾದರು, ಶಾಲೆಗೆ ಬೀಗ ಬಿತ್ತು. ತನ್ನ ಕ್ಲಾಸು ಖಾಲಿ ಮಾಡಿಸಿದ ಭಾಷೆಯನ್ನು ಅವರು ಸುಮ್ಮನೆ ಬಿಟ್ಟಾರೆಯೇ? ಇದು ಸೇಡು ಎಂದೇ ಮನೆಮಂದಿಯೆಲ್ಲ ತಿಳಿದಿದ್ದೆವು.

ಪ್ರಶ್ನೆ ಬರುವುದು ಮಧ್ಯಾಹ್ನ, ನಾನು ಮೀಟಿಂಗಿನಲ್ಲಿ ಕೂತಾಗಲೇ.

"ಅಲಾರಂ ವೆಂಟ್ ಆಫ್ ಅಂದ್ರ ಅದು ಬಂದ್ ಆತೋ, ಹೊಡಕೊಳ್ಳಿಕ್ಕೆ ಹತ್ತಿತೋ?"

"ಹೊಡಕೊಳ್ಳಿಕ್ಕೆ ಹತ್ತಿತು, ಅತ್ತಿ."

"ಮತ್ತ ಲೈಟ್ ವೆಂಟ್ ಆಫ್ ಅಂದ್ರ?"

"ಲೈಟು ಬಂದ್ ಆತು."

"ಒಂದ ಮನಿಯೊಳಗ ಎರಡು ಕಾಯ್ದೆ? ಐದು ಗಂಟೆದೊಳಗ ವಿಚಾರ ಮಾಡಿ ಹೇಳು."

ಐದು ಗಂಟೆಯೊಳಗೆ! ಯಾವಾಗಲೂ ಐದು ಗಂಟೆಯೊಳಗೆ! ಐದಕ್ಕೆ ಇಂಗ್ಲಿಷಿನ ಅಂಗಡಿ ಬಾಗಿಲು ಹಾಕುತ್ತದೆಯೇ? ಕೇಳಿದರೆ ಫೋನ್ ಇಟ್ಟುಬಿಡುತ್ತಿದ್ದರು. ನನಗಂತೂ ತಲೆಬುಡ ತಿಳಿಯುತ್ತಿರಲಿಲ್ಲ.

ಇನ್ನೊಂದು ದಿನ 'ನೈಫ್' ಶಬ್ದದ ಸರದಿ. "ಅದರ ಮುಂದ ಆ 'ಕೆ' ಯಾಕ ಕುಂತದ? ಮಾತಿಲ್ಲ, ಕತಿಯಿಲ್ಲ. ಲೋಕಲ್‌ದಾಗ ಸೀಟು ಹಿಡದು ನಿದ್ದಿ ಹೊಡಿಯೋರ ಹಂಗ!" ಹಿಂದಿನ ಕಾಲದಲ್ಲಿ ಅದನ್ನೂ ಉಚ್ಚರಿಸುತ್ತಿದ್ದರಂತೆ ಎಂದೆ. "ಅಂದ್ರ ದುಡದು ರಿಟೈರ್ ಆಗೇದ ಅನ್ನು," ಎಂದರು ಅತ್ತೆ. ಅಂದಿನಿಂದ ಆ ಅಕ್ಷರದ ಮೇಲೆ ಅವರಿಗೆ ಒಂದಿಷ್ಟು ಮಮತೆ.

ನನ್ನ ಉತ್ತರಗಳನ್ನೆಲ್ಲ ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಕೆಂಪು ಶಾಯಿಯಲ್ಲಿ ಮಾರ್ಕು ಹಾಕುತ್ತಿದ್ದರು. ಚಿಟ್ಟೆಯ ಇಂಗ್ಲಿಷ್ ಹೆಸರಿನಲ್ಲಿ ಬೆಣ್ಣೆ ಏಕಿದೆ ಎಂಬುದಕ್ಕೆ ನಾನು ಕಷ್ಟಪಟ್ಟು ಹುಡುಕಿ ಮೂರು ಕಾರಣ ಕೊಟ್ಟೆ. ಸಿಕ್ಕಿದ್ದು ಹತ್ತಕ್ಕೆ ಎರಡು! "ಮೂರು ಉತ್ತರ ಕೊಟ್ಟಾಂವಗ ಒಂದೂ ಗೊತ್ತಿಲ್ಲಂತ ಅರ್ಥ." ನಲವತ್ತು ದಾಟಿದ ಗಂಡಸು ನಾನು, ಆ ನೋಟ್‌ಬುಕ್ ಕಂಡರೆ ಅಂಗೈ ಬೆವರುತ್ತಿತ್ತು.

ಒಂದು ಮಂಗಳವಾರ ಆಫೀಸಿನಲ್ಲಿ ಉಸಿರಾಡಲೂ ಪುರುಸೊತ್ತಿರಲಿಲ್ಲ. ಫೋನ್ ಬಂತು.

"ಕಿತ್ ಅಂಡ್ ಕಿನ್ ಅಂತಾರಲ್ಲ, ಕಿನ್ ಅಂದ್ರ ಬಂಧು ಬಳಗ. ಈ ಕಿತ್ ಯಾರು?"

"ಕಿನ್ ಅಂತ ಒಬ್ಬ ರಾಜ ಇದ್ದ, ಅತ್ತಿ. ಕಿತ್ ಅವನ ಹೆಂಡತಿ."

ಆ ಕಡೆ ಪೆನ್ನು ಓಡುತ್ತಿತ್ತು. "ಮಕ್ಕಳು?"

"ಆಗಲಿಲ್ಲ."

"ಪಾಪ!" ಎಂದರು ಅತ್ತೆ. ಅಂದು ನನಗೆ ಹತ್ತಕ್ಕೆ ಒಂಬತ್ತು!

ಆಮೇಲೆ ಒಂದು ವಾರ ಫೋನೇ ಇಲ್ಲ. ಎರಡು ದಿನ ಹಾಯಾಗಿದ್ದೆ. ಮೂರನೆಯ ದಿನ ಕಳವಳ ಶುರುವಾಯಿತು. ಮೀಟಿಂಗಿನಲ್ಲಿ ಫೋನನ್ನೇ ನೋಡುತ್ತ ಕೂತೆ. ಕೊನೆಗೆ ಮುಂದಿನ ಮಂಗಳವಾರ ಅರ್ಧ ದಿನ ರಜೆ ಹಾಕಿ ಮುಲುಂಡಿಗೆ ಹೋದೆ. ಆಗ ಐದು ಗಂಟೆ. ಬಾಗಿಲ ಹೊರಗೆ ಪುಟ್ಟದೊಂದು ಜೊತೆ ಶಾಲೆಯ ಬೂಟು!

ಒಳಗೆ ಸಮವಸ್ತ್ರದ ಹುಡುಗಿಯೊಬ್ಬಳು ಅವಲಕ್ಕಿ ತಿನ್ನುತ್ತಿದ್ದಳು.

"ಇಕಿ ರೇಣುಕಾ," ಎಂದರು ಅತ್ತೆ. "ನನ್ನ ಕ್ಲಾಸಿನ ಕಡೀ ಹುಡುಗಿ. ಅವರಪ್ಪ ಟೈಲ್ಸ್ ಕೂಡಸ್ತಾನ. ನಮ್ಮ ಸಾಲಿ ಬಂದ್ ಆದಮ್ಯಾಲೆ ಇಂಗ್ಲಿಷ್ ಸಾಲಿಗೆ ನಾನ ಸೇರಿಸೀನಿ. ಅಲ್ಲಿ ಏನರ ಕೇಳಿದ್ರ ಹುಡುಗರು ನಗತಾರಂತ. ಅದಕ್ಕ ದಿನಾ ಐದಕ್ಕ ಇಲ್ಲಿ ಬರತಾಳ."

"ಅಂದ್ರ ಅಲಾರಂ, ಬೆಣ್ಣಿ..."

"ಎಲ್ಲಾ ಇಕಿವ. ಟೀಚರ್ ಆದಾಕಿ ನನಗೊತ್ತಿಲ್ಲ ಅಂತ ಹೆಂಗ ಅನ್ನಲಿ?"

ಸೇಡೂ ಇಲ್ಲ, ಮಣ್ಣೂ ಇಲ್ಲ! ಆರನೇ ಕ್ಲಾಸಿನ ಹುಡುಗಿಯ ಸಂಶಯಗಳನ್ನು ಹೊತ್ತು ಅತ್ತೆ ನನ್ನ ಬಾಗಿಲು ಬಡಿಯುತ್ತಿದ್ದರು.

ಹುಡುಗಿ ನನ್ನನ್ನು ನೋಡಿ ಮೆಲ್ಲಗೆ ಹೇಳಿದಳು: "ಅಂಕಲ್, ಆ ರಾಜಾ ರಾಣಿ ವಾಲಾ ಆನ್ಸರ್ ನಾ ಕ್ಲಾಸ್‌ದಾಗ ಹೇಳಿದೆ. ಸಬ್ ಲೋಗ್ ನಕ್ಕರು. ಟೀಚರ್ ಭೀ."

ಮೂರು ದಿನ ಅವಳು ಶಾಲೆಗೆ ಹೋಗಿರಲಿಲ್ಲ. 'ಸಾಕು ಬಿಡು, ಮನಿಯಾಗ ತಮ್ಮನ್ನ ನೋಡ್ಕೊಂಡಿರು' ಎಂದಿದ್ದನಂತೆ ಅವರಪ್ಪ. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನ್ನಿಸಿತು. ಅರ್ಧ ನಿಮಿಷ ಉಳಿಸಲು ನಾನು ಹೇಳಿದ ಸುಳ್ಳು ಅದು.

"ಸೋಮವಾರ ಅಕ್ಕೋರ ನನ್ನ ಕರಕೊಂಡು ಸಾಲಿಗೆ ಬಂದ್ರು," ಎಂದಳು ರೇಣುಕಾ, ಅತ್ತೆಯನ್ನು ತೋರಿಸಿ. "ಕ್ಲಾಸಿನ ಮುಂದ ನಿಂತು ಇಂಗ್ಲಿಷ್ ಮಾತಾಡಿದ್ರು!"

ಬಾಯಿಬಿಟ್ಟು ಒಂದು ಇಂಗ್ಲಿಷ್ ವಾಕ್ಯ ಆಡದ ಅತ್ತೆ! ನಾನು ಅವರ ಮುಖ ನೋಡಿದೆ. ಅವರು ಅವಲಕ್ಕಿಯ ತಟ್ಟೆ ನೋಡುತ್ತ ನೆನಪಿನಿಂದ ಒಪ್ಪಿಸಿದರು: "ಮಿಸ್ಟೇಕ್ ಈಸ್ ಮೈ. ಗರ್ಲ್ ಈಸ್ ಗುಡ್. ಆಸ್ಕಿಂಗ್ ಈಸ್ ವೆರಿ ಗುಡ್."

"ನನ್ನ ಹೆಸರು ಹೇಳಬೇಕಿತ್ತಲ್ಲ, ಅತ್ತಿ?"

"ನೀನೂ ನನ್ನ ಹುಡುಗನ ಅಲ್ಲೇನು?"

ನಾನು ನೋಟ್‌ಬುಕ್ ಎಳೆದುಕೊಂಡು, ಆ ಒಂಬತ್ತನ್ನು ಹೊಡೆದು ಸೊನ್ನೆ ಹಾಕಿದೆ. ಫೋನಿನಲ್ಲಿದ್ದ ನಿಘಂಟು ತೆಗೆದು ಪಕ್ಕದಲ್ಲಿ ಬರೆದೆ: ಕಿತ್ ಎಂದರೆ ನೆಂಟರಲ್ಲದಿದ್ದರೂ ಗೊತ್ತಿರುವವರು, ಹತ್ತಿರದವರು. ರೇಣುಕಾ ಅದನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಂಡಳು.

ಅವಳು ಬೂಟು ಹಾಕಿಕೊಳ್ಳಲು ಹೊರಗೆ ಹೋದಾಗ ಅತ್ತೆ ನನ್ನ ಹತ್ತಿರ ಬಂದು ದನಿ ಇಳಿಸಿ ಕೇಳಿದರು.

"ನಾ ಅಂದ ಇಂಗ್ಲಿಷ್ ಸರಿ ಇತ್ತೇನೋ?"

"ಸರಿ ಇತ್ತು, ಅತ್ತಿ. ಒಂದಕ್ಷರ ತಪ್ಪಿಲ್ಲ."

"ಖರೇನ? ಇದೂ ರಾಜನ ಹೆಂಡತಿ ಹಂಗ ಅಲ್ಲಲ್ಲ?"

"ಅಲ್ಲ, ಅತ್ತಿ," ಎಂದೆ. ನೋಟ್‌ಬುಕ್ ತೆರೆದು ಕೆಂಪು ಶಾಯಿಯಲ್ಲಿ ಅವರಿಗೆ ಹತ್ತಕ್ಕೆ ಹತ್ತು ಹಾಕಿದೆ.