ಸುಕ್ಕರ್ ಎಂಬ ಬೆಕ್ಕಿನ ತದ್ರೂಪೂ ನನ್ನ ಬಿ.ಎಸ್ಸಿ.ಯೂ

ಓದಿದ ಮನುಷ್ಯನಿಗಿರುವ ದೊಡ್ಡ ತೊಂದರೆಯೆಂದರೆ, ಅವನು ಓದಿದ್ದಾನೆಂದು ಜನ ನಂಬಿಬಿಡುತ್ತಾರೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಓದಿದವರು ಅಪ್ಪ. ಅವರು ಓದಿದ್ದು ಹಂಚಿನ ಕಾರ್ಖಾನೆಯ ಗೋಡೆಯ ಮೇಲಿದ್ದ 'ಇಲ್ಲಿ ಬೀಡಿ ಸೇದಬಾರದು' ಎಂಬ ಬೋರ್ಡು. ಅದನ್ನೂ ಬೀಡಿ ಸೇದುತ್ತಲೇ ಓದಿದ್ದರು. ಅಂಥ ಮನೆಯಿಂದ ಹೊರಟು, ಹೋಟೆಲಿನಲ್ಲಿ ಲೋಟ ತೊಳೆದು, ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು ನಾನು. ಅದನ್ನು ನಾನಲ್ಲದೆ ಇನ್ಯಾರು ಹೇಳಿಕೊಳ್ಳಬೇಕು? ದೋಹಾದ ಸಿಮೆಂಟು ವ್ಯಾಪಾರದ ಕಂಪನಿಯೊಂದಕ್ಕೆ ಗುಮಾಸ್ತನಾಗಿ ಸೇರಿದ ದಿನವೇ ಮೇಜಿನ ಮೇಲೆ ಹೆಸರಿನ ಪಕ್ಕ ಬಿ.ಎಸ್ಸಿ. ಎಂದು ಬರೆಸಿ ಇಟ್ಟೆ. ಸಿಮೆಂಟು ಮೂಟೆಗೂ ಪ್ರಾಣಿಶಾಸ್ತ್ರಕ್ಕೂ ಏನಯ್ಯಾ ಸಂಬಂಧ ಎಂದು ಆಗಲೇ ಯಾರಾದರೂ ಕೇಳಿದ್ದರೆ ಬಚಾವಾಗುತ್ತಿದ್ದೆ.

ನಮ್ಮ ಮಾಲೀಕರು, ನಾವೆಲ್ಲ ಅರ್ಬಾಬ್ ಎಂದು ಕರೆಯುವ ಹಿರಿಯರು, ಒಂದು ಬಿಳಿ ಪರ್ಶಿಯನ್ ಬೆಕ್ಕು ಸಾಕಿದ್ದರು. ಹೆಸರು ಸುಕ್ಕರ್, ಅಂದರೆ ಸಕ್ಕರೆ. ಸುಕ್ಕರಿಗೆ ವಯಸ್ಸಾಗಿ ಕಿಡ್ನಿ ಕೈಕೊಡುತ್ತಿತ್ತು. ಅಷ್ಟರಲ್ಲಿ, ಅಮೆರಿಕದಲ್ಲಿ ಬೆಕ್ಕಿನಿಂದ ಅದರದೇ ತದ್ರೂಪು ತೆಗೆಯುತ್ತಾರೆಂಬ ಸುದ್ದಿ ಪೇಪರಿನಲ್ಲಿ ಬಂತು. ಅರ್ಬಾಬ್ ನನ್ನನ್ನು ಕರೆಸಿದರು. ನಮ್ಮ ಮಾತುಕತೆಯೆಲ್ಲ ಅರ್ಧ ಇಂಗ್ಲಿಷು, ಅರ್ಧ ಹಿಂದಿ.

"ನೀನು ಪ್ರಾಣಿ ಡಾಕ್ಟರ್ ಅಲ್ಲವಾ?"

"ಅಲ್ಲ ಅರ್ಬಾಬ್, ಪ್ರಾಣಿಗಳ ಬಗ್ಗೆ ಓದಿದವನು."

"ಸೇಮ್ ಸೇಮ್. ಸುಕ್ಕರಿಗೆ ಎಲ್ಲಾ ಇಂಜೆಕ್ಷನ್ ಆಗಿದೆ. ಕಾಪಿ ಮಾಡಿದರೆ ಮರಿಗೂ ಅದೇ ಮೈ. ಮತ್ತೆ ಅದಕ್ಕೆ ರೋಗ ಬರುವುದಿಲ್ಲ, ಚುಚ್ಚುವುದೂ ಬೇಡ. ಹೌದೋ ಅಲ್ಲವೋ? ಯೋಚನೆ ಮಾಡಿ ನಾಳೆ ಹೇಳು."

ಸುಕ್ಕರಿಗೆ ಸೂಜಿ ಚುಚ್ಚುವುದನ್ನು ನೋಡಲಾರದೆ ಅವರು ಹೊರಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದದ್ದು ಆಫೀಸಿಗೆಲ್ಲ ಗೊತ್ತು. 'ಹೌದು' ಎಂಬ ಉತ್ತರಕ್ಕೇ ಅವರು ಕಾದಿದ್ದರು. ನನ್ನ ಕಷ್ಟ ಏನೆಂದರೆ, ಅದೇ ವಾರ ಅಡ್ಮಿನ್ ಆಫೀಸರ್ ಹುದ್ದೆ ಖಾಲಿಯಾಗಿತ್ತು. ನನಗೇ ಸಿಗುತ್ತದೆಂದು ನನ್ನ ಹೆಂಡತಿ ಲಿಲ್ಲಿ ಚರ್ಚಿನ ಶುಕ್ರವಾರದ ಪ್ರಾರ್ಥನೆಗೆ ಬರುವವರಿಗೆಲ್ಲ ಸಾರಿಯೂ ಆಗಿತ್ತು.

"ಹೌದು ಅಂತ ಹೇಳಿಬಿಡಿ ಮಾರಾಯ್ರೆ," ಅಂದಳು ಲಿಲ್ಲಿ. "ಆ ಮರಿ ಹುಟ್ಟಿ, ಅದಕ್ಕೆ ಜ್ವರ ಬಂದು, ಅವರಿಗೆ ಸಿಟ್ಟು ಬರುವಷ್ಟರಲ್ಲಿ ನೀವು ಆಫೀಸರ್ ಆಗಿರ್ತೀರಿ."

"ಸೈನ್ಸ್ ಓದಿದವ ಸುಳ್ಳು ಹೇಳಬಾರದು."

"ಹೌದಾ? ಮೊನ್ನೆ ಆ ಬಂಗುಡೆ ಮೀನು ತಾಜಾ ಉಂಟು ಅಂತ ತಂದದ್ದು ಯಾವ ಸೈನ್ಸು?"

ನಿಜ ಹೇಳಬೇಕೆಂದರೆ ನನ್ನ ಪ್ರಾಣಿಶಾಸ್ತ್ರವೆಲ್ಲ ಫಾರ್ಮಲಿನ್ ಬಾಟಲಿಯ ಕಪ್ಪೆಗಳದ್ದು. ತದ್ರೂಪು ನಮ್ಮ ಸಿಲೆಬಸ್ಸಿನಲ್ಲೇ ಇರಲಿಲ್ಲ. ನಮ್ಮ ಕಾಲದಲ್ಲಿ ಬೆಕ್ಕು ಮಾಡುವ ಕೆಲಸವನ್ನು ಬೆಕ್ಕುಗಳೇ ಮಾಡುತ್ತಿದ್ದವು. ಆದರೂ ಇಷ್ಟು ಕಷ್ಟಪಟ್ಟು ತೆಗೆದುಕೊಂಡ ಡಿಗ್ರಿಯನ್ನು ಒಂದು ಬೆಕ್ಕಿನ ಮುಂದೆ ತಲೆತಗ್ಗಿಸಿ ನಿಲ್ಲಿಸಲು ಮನಸ್ಸು ಬರಲಿಲ್ಲ. ಆಗ ನೆನಪಾದವರು ನಮ್ಮ ಇಂಡಸ್ಟ್ರಿಯಲ್ ಏರಿಯಾ ಗೋದಾಮಿನ ಹಮೀದ್ ಮತ್ತು ಹಸನ್. ಉಳ್ಳಾಲದ ಅವಳಿಗಳು, ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ. ಒಬ್ಬ ತಪ್ಪು ಮಾಡಿದರೆ ಅರ್ಬಾಬ್ ಇನ್ನೊಬ್ಬನನ್ನು ಬೈಯುವುದು ವಾಡಿಕೆ. ಹಮೀದನನ್ನು ಕರೆಸಿ, ಮರುದಿನ ಅರ್ಬಾಬರ ಮುಂದೆ ನಿಲ್ಲಿಸಿದೆ.

"ಅರ್ಬಾಬ್, ಇವನೂ ಇವನ ತಮ್ಮನೂ ದೇವರೇ ತೆಗೆದ ಕಾಪಿ. ಹೋದ ವರ್ಷ ತಮ್ಮ ಹಸನಿಗೆ ಚಿಕನ್‌ಪಾಕ್ಸ್ ಬಂತು. ಒಂದೇ ರೂಮಿನಲ್ಲಿದ್ದ ಈ ಹಮೀದನಿಗೆ ಏನೂ ಆಗಲಿಲ್ಲ. ಯಾಕೆ? ಇವನಿಗೆ ಚಿಕ್ಕಂದಿನಲ್ಲೇ ಅದು ಬಂದುಹೋಗಿದೆ. ಆಗ ಹಸನ್ ಅಜ್ಜಿಮನೆಯಲ್ಲಿದ್ದ."

ಪಕ್ಕದಲ್ಲಿದ್ದವನು ಮೆಲ್ಲಗೆ ನನ್ನ ಅಂಗಿ ಎಳೆದ. "ಸಾರ್, ನಾನು ಹಸನ್. ಹೋದ ವರ್ಷ ಮಲಗಿದ್ದು ನಾನೇ."

ಅರ್ಬಾಬ್ "ಏನಂತಾನೆ?" ಎಂದು ಕೇಳಿದರು. ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಹಸನನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

"ಅಂದರೆ ಮೈ ಬರುತ್ತದೆ, ಮೈ ಕಲಿತದ್ದು ಬರುವುದಿಲ್ಲ."

"ಹೌದು ಅರ್ಬಾಬ್. ಮರಿಗೆ ಮೊದಲಿನಿಂದ ಚುಚ್ಚಬೇಕು."

"ಕಿಡ್ನಿ ಕಾಯಿಲೆ?"

"ಅದು ಹುಟ್ಟಿನಿಂದ ಬಂದದ್ದಾದರೆ ಮರಿಗೂ ಬರಬಹುದು."

"ಒಳ್ಳೆಯದು ಬರುವುದಿಲ್ಲ, ಕೆಟ್ಟದ್ದು ಬರುತ್ತದೆ! ಅಷ್ಟಕ್ಕೆ ಅಮೆರಿಕ ಯಾಕೆ? ಮನೆಯಲ್ಲಿ ನನ್ನ ದೊಡ್ಡ ಮಗ ಇದ್ದಾನಲ್ಲ. ಖಲಾಸ್."

ತದ್ರೂಪಿನ ವಿಷಯ ಅಲ್ಲಿಗೆ ಮುಗಿಯಿತು. ನನ್ನ ವಿಷಯ ಶುರುವಾಯಿತು. ಅರ್ಬಾಬ್ ಎದ್ದು ಬಂದು ನನ್ನ ಭುಜ ತಟ್ಟಿದರು. "ನನಗೆ ಸತ್ಯ ಹೇಳಿದವನು ನೀನೊಬ್ಬ. ನಿನ್ನಂಥ ವಿಜ್ಞಾನಿಯನ್ನು ಆಫೀಸರ್ ಕುರ್ಚಿಯಲ್ಲಿ ಕೂರಿಸಿ ಹಾಳು ಮಾಡುವುದು ಹರಾಮ್. ಇನ್ನು ಮೇಲೆ ಸುಕ್ಕರಿನ ಆಸ್ಪತ್ರೆ, ಇಂಜೆಕ್ಷನ್ ಎಲ್ಲ ನಿನ್ನ ಜವಾಬ್ದಾರಿ."

ಆಫೀಸರ್ ಹುದ್ದೆ ಬಿ.ಕಾಂ. ಓದಿದ ಒಬ್ಬ ಮಲಯಾಳಿಗೆ ಹೋಯಿತು. ನಾನು ಬೆಕ್ಕು ಹಿಡಿದುಕೊಳ್ಳುವವನಾದೆ. ಸುಕ್ಕರಿನ ರೋಗನಿರೋಧಕ ಶಕ್ತಿ ಹೇಗೂ ಇರಲಿ, ಉಗುರುಗಳು ಬಲು ಆರೋಗ್ಯವಾಗಿವೆ. ಹೋದ ಸಲ ಅದಕ್ಕೊಂದು ಇಂಜೆಕ್ಷನ್, ನನಗೊಂದು. ಲಿಲ್ಲಿ ಬುದ್ಧಿವಂತೆ, ನಾನೀಗ ಮೆಡಿಕಲ್ ಲೈನಿನಲ್ಲಿದ್ದೇನೆಂದು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾಳೆ.

ನಿನ್ನೆ ಅರ್ಬಾಬರ ಗೆಳೆಯರೊಬ್ಬರು ಕಣ್ಣು ಮುಚ್ಚುವ ಟೊಪ್ಪಿಗೆ ಹಾಕಿದ ಬೇಟೆಯ ಗಿಡುಗವನ್ನು ಮುಂಗೈ ಮೇಲೆ ಕೂರಿಸಿಕೊಂಡು ಆಫೀಸಿಗೆ ಬಂದರು. ಅದು ಎರಡು ದಿನದಿಂದ ಊಟ ಮುಟ್ಟಿಲ್ಲವಂತೆ. ನನ್ನ ಕೈಯ ಬ್ಯಾಂಡೇಜ್ ನೋಡಿ ಅವರ ಮುಖ ಅರಳಿತು.

"ಪ್ರಾಣಿಶಾಸ್ತ್ರ ಓದಿದವನು ನೀನೇ ಅಲ್ಲವಾ?"

ಗಿಡುಗದ ಕೊಕ್ಕು ನೋಡಿದೆ. ಕಾಲಿನ ಉಗುರು ನೋಡಿದೆ.

"ಅಲ್ಲ ಸಾರ್," ಅಂದೆ, "ನಾನು ಕಾಮರ್ಸ್."