ನಾನು ಸಮಾನತೆ ತಂದ ಸೋಮವಾರ

ಮೈಸೂರಿನಲ್ಲಿ ತರಬೇತಿ ಮುಗಿಸಿ ಬಂದಾಗ, ಸರಗೂರು ಕಡೆಯ ನಮ್ಮ ಪುಟ್ಟ ಸರ್ಕಾರಿ ಆಸ್ಪತ್ರೆಯನ್ನು ಉದ್ಧಾರ ಮಾಡಲು ಹುಟ್ಟಿದವನೇ ನಾನು ಎಂಬ ಖಾತ್ರಿ ನನಗಿತ್ತು. ಮಧ್ಯಾಹ್ನದ ಪಾಠಗಳಲ್ಲಿ ನಿದ್ದೆ ಹೋಗಿದ್ದೆ, ನಿಜ. ಆದರೆ 'ರೋಗಿಗಳೆಲ್ಲ ಸಮಾನರು' ಎಂಬ ಮಾತು ಬೆಳಗ್ಗೆಯೇ ಬಂದುಹೋಗಿತ್ತು!

ಸೋಮವಾರ ಜಗಲಿಯ ತುಂಬ ಜನ. ಆರೋಗ್ಯ ಸಹಾಯಕನಾದ ನಾನು ಬಾಗಿಲಿಗೆ ಅಡ್ಡ ನಿಂತು ಘೋಷಿಸಿದೆ: "ಇವತ್ತಿಂದ ಒಂದೇ ಸಾಲು. ಜಾತಿ ಇಲ್ಲ, ಅಂತಸ್ತಿಲ್ಲ, ವಶೀಲಿ ಇಲ್ಲ!"

"ಮಂಡಿ ನೋಯ್ತದೆ ಸಾ, ಕುಂತ್ಕಳ್ಲಾ?" ಎಂದಳು ಮುಂದಿದ್ದ ಅಜ್ಜಿ.

"ಎಲ್ಲರೂ ನಿಂತಿಲ್ವಾ? ನಿಂತ್ಕೊಳಮ್ಮ!"

ಅಜ್ಜಿ ನಿಂತಳು. ಸಮಾನತೆಗೆ ಮೊದಲ ಜಯ!

ಅಷ್ಟರಲ್ಲಿ ಪಂಚಾಯ್ತಿ ಅಧ್ಯಕ್ಷರು ನೆಗಡಿ ಹೊತ್ತುಕೊಂಡು ಜೀಪಿನಲ್ಲಿ ಬಂದರು. ನನ್ನ ನಿಯಮ ಕೇಳಿ, "ನಿನ್ನಂತೋರು ಇರ್ಬೇಕು ಕಣಯ್ಯ" ಎಂದು ಬೆನ್ನು ತಟ್ಟಿ, ಹಿಂಬಾಗಿಲಿನಿಂದ ಸೀದಾ ಡಾಕ್ಟರ ಕೋಣೆಗೆ ಹೋದರು. ಹಿಂಬಾಗಿಲಿನ ಬಗ್ಗೆ ತರಬೇತಿಯಲ್ಲಿ ಏನೂ ಹೇಳಿರಲಿಲ್ಲ. ಬೆನ್ನು ತಟ್ಟಿಸಿಕೊಂಡ ಖುಷಿಯಲ್ಲಿ ನಾನೂ ಏನೂ ಹೇಳಲಿಲ್ಲ.

ಆಮೇಲೆ ಕಾಡಂಚಿನ ಹಾಡಿಯಿಂದ ಮಾರ ಎಂಬವನು ತುಂಬು ಬಸುರಿ ಹೆಂಡತಿಯನ್ನು ನಡೆಸಿಕೊಂಡು ಬಂದ. ಆಕೆ ಕಂಬ ಹಿಡಿದು ನರಳಿದಳು.

"ಸಾ, ನೋವು ಜಾಸ್ತಿ ಆಗದೆ. ಒಳೀಕ್ ಬುಡಿ."

"ಇಲ್ಲಿರೋರಿಗೆಲ್ಲ ನೋವೇ ಕಣಪ್ಪ. ನಿಮಗೊಂದು ನ್ಯಾಯ, ಅವರಿಗೊಂದು ನ್ಯಾಯ ಮಾಡೋಕಾಗಲ್ಲ. ಹಿಂದೆ ಹೋಗು!"

ಇಷ್ಟು ಗಟ್ಟಿ ದನಿ ಅಧ್ಯಕ್ಷರ ಮುಂದೆ ಎಲ್ಲಿ ಅಡಗಿತ್ತೋ!

ಅಜ್ಜಿಗೆ ರೇಗಿತು. "ನಿನ್ ಮಕಕ್ಕೆ ಬೆಂಕಿ ಆಕ! ಕೂಸು ನಿನ್ ಸಾಲು ನೋಡ್ಕಂಡು ಉಟ್ಟದಾ?" ಎನ್ನುತ್ತಾ ಬಸುರಿಯ ತೋಳು ಹಿಡಿದಳು. ಉಳಿದವರು ಗೋಡೆಗೆ ಒತ್ತಿಕೊಂಡು ದಾರಿ ಮಾಡಿದರು. ಗದ್ದಲ ಕೇಳಿ ಕೇರಳದ ನರ್ಸ್ ಅನ್ನಮ್ಮ ಓಡಿ ಬಂದರು.

"ಎಂತಾ ಇದು? ಬಾಗಿಲು ಬಿಡಿ ಸಾರ್!"

ನೋಡಿದೆ. ಇಡೀ ಜಗಲಿಯಲ್ಲಿ ಆ ಬಸುರಿಗೆ ಅಡ್ಡ ನಿಂತಿದ್ದವನು ನಾನೊಬ್ಬನೇ!

ಸ್ವಲ್ಪ ಹೊತ್ತಿಗೇ ಹೆರಿಗೆಯಾಯಿತು. ಹೆಣ್ಣುಕೂಸು. ತಾಯಿ, ಮಗು ಇಬ್ಬರೂ ಕ್ಷೇಮ. ಕ್ಷೇಮ ವಿಚಾರಿಸುವ ಗಾಂಭೀರ್ಯದಲ್ಲಿ ಒಳಗೆ ಹೋದೆ. ಆಕೆ ನನ್ನನ್ನು ಕಂಡದ್ದೇ ಗೋಡೆಯತ್ತ ಮಗ್ಗುಲಾದಳು. ನನ್ನ ಗಾಂಭೀರ್ಯ ಅಲ್ಲೇ ಸೋರಿಹೋಯಿತು.

ಸಂಜೆ ಊಟಕ್ಕೆ ಕೂತು ಹೆಂಡತಿಗೆ ಎಲ್ಲವನ್ನೂ ಹೇಳಿದೆ. "ಏನೇ ಆಗಲಿ, ತತ್ವ ಅಂದ್ರೆ ತತ್ವ" ಎಂದೂ ಸೇರಿಸಿದೆ.

ಅವಳು ಸಾರು ಬಡಿಸುತ್ತಾ ಕೇಳಿದಳು: "ಮೊನ್ನೆ ಹಲ್ಲುನೋವು ಅಂತ ಡಾಕ್ಟ್ರ ಮನೇಗೇ ಹೋಗಿ ತೋರಿಸ್ಕೊಂಡು ಬಂದ್ರಲ್ಲ, ಅಲ್ಲೂ ಇಷ್ಟೇ ಉದ್ದ ಸಾಲಿತ್ತೇನ್ರೀ?"

ನಾನು ಮುದ್ದೆ ಮುರಿದು ಬಾಯಿಗಿಟ್ಟೆ. ಬಾಯಿ ತುಂಬಿರುವಾಗ ಮಾತಾಡಬಾರದು ನೋಡಿ!