ಗಾತ್ರದ ಗ್ರಹಚಾರ

ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಗುತ್ತಿದ್ದರೆ ಲಾಕರಣ್ಣನಿಗೆ ಆ ದಿನದ ಗತಿ ಬರುತ್ತಿರಲಿಲ್ಲ. ಸಿಗ್ನಲ್ ಸಿಗುತ್ತಿದ್ದದ್ದು ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಮಾತ್ರ. ಆ ಮೆಟ್ಟಿಲಿನ ನೆತ್ತಿಗೆ ಸರಿಯಾಗಿ ಮೇಲಿನ ಮನೆಯ ಮಹಡಿಯಮ್ಮನ ಅಡುಗೆಮನೆಯ ಕಿಟಕಿ.

ಅವನು ಈಜುಕೊಳದಲ್ಲಿ ಗಂಡಸರು ಬಟ್ಟೆ ಬದಲಿಸುವ ಕೋಣೆಯನ್ನು ನೋಡಿಕೊಳ್ಳುವವನು. ಬಂದವರಿಗೆ ಲಾಕರಿನ ಬೀಗದ ಕೈ ಕೊಡಬೇಕು, ಹೋಗುವಾಗ ಈಸಿಕೊಳ್ಳಬೇಕು, ನಡುವೆ ಒದ್ದೆ ನೆಲ ಒರೆಸಬೇಕು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಲಾಕರಣ್ಣ. ವರ್ಷಗಟ್ಟಲೆ ಒರೆಸುವ ನೆಲವನ್ನಷ್ಟೇ ನೋಡಿಕೊಂಡು ನೆಮ್ಮದಿಯಾಗಿದ್ದ. ನಲವತ್ತೈದು ದಾಟಿದ ಮೇಲೆ ಒಂದು ದಿನ ಅದು ಹೇಗೋ ತಲೆ ಎತ್ತಿದ. ಟವೆಲ್ಲನ್ನು ಸೊಂಟಕ್ಕೆ ಸುತ್ತುವ ಬದಲು ಹೆಗಲಿಗೆ ಹಾಕಿಕೊಂಡು ಓಡಾಡುವ ಗಂಡಸರನ್ನು ಕಂಡ. ಮನೆಗೆ ಬಂದು, ಬಚ್ಚಲಿನ ಬಾಗಿಲು ಹಾಕಿಕೊಂಡು, ತನ್ನನ್ನೂ ಕಂಡುಕೊಂಡ. ಅಂದಿನಿಂದ ಊಟ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ.

ಫೋನಿನಲ್ಲಿ ಹುಡುಕಿದ. ಕತ್ತಿ ಕತ್ತರಿಯ ಗೋಜಿಲ್ಲದೆ ಬರೀ ಸೂಜಿ ಚುಚ್ಚಿ ಗಂಡಸಿನ ಅಂಗವನ್ನು ದಪ್ಪ ಮಾಡುವ ಫಿಲ್ಲರ್ ಎನ್ನುವ ಪದಾರ್ಥಗಳಿವೆ ಎಂದು ತಿಳಿಯಿತು. ಒಂದು ಜೆಲ್ಲು, ಸ್ವಲ್ಪ ಕಾಲ ಇದ್ದು ತಾನಾಗಿ ಕರಗುವಂಥದ್ದು. ಇನ್ನೊಂದು ಮೈಯೊಳಗೆ ಹೋಗಿ ಮೈಯನ್ನೇ ಚಿವುಟಿ ಎಬ್ಬಿಸಿ ನಿಧಾನವಾಗಿ ಬೆಳೆಸುವಂಥದ್ದು. ಮತ್ತೊಂದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಮಣಿಗಳು. ಒಳಹೊಕ್ಕರೆ ಹೊರಗೆ ಬರುವ ಮಾತಿಲ್ಲ. ಹೊಟ್ಟೆಯ ಕೊಬ್ಬನ್ನೇ ಹೀರಿ ಅಲ್ಲಿಗೆ ತುಂಬುವ ಏರ್ಪಾಡೂ ಇತ್ತು. ಅವನ ಹೊಟ್ಟೆಯಲ್ಲಿ ಕೊಬ್ಬಿಗೆ ಬರವಿರಲಿಲ್ಲ, ಆದರೆ ಹೀರಲು ತೂರಿಸುವ ನಳಿಗೆಯ ಚಿತ್ರ ನೋಡಿ ಅದನ್ನು ಕೈಬಿಟ್ಟ. ಹೆಣ್ಣು ನೋಡಲು ಹೋದ ಸೋದರಮಾವನಂತೆ ಅದಕ್ಕೆ ಇದನ್ನು, ಇದಕ್ಕೆ ಅದನ್ನು ಹೋಲಿಸುತ್ತ ವಾರಗಳನ್ನೇ ಕಳೆದ. ಕೊನೆಗೆ ಒಬ್ಬ ಚರ್ಮದ ಡಾಕ್ಟರನ್ನು ಗೊತ್ತುಮಾಡಿಕೊಂಡು, ಆ ದಿನ ಬೆಳಿಗ್ಗೆ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿರುವ ಸಮಯ ನೋಡಿ ಮೆಟ್ಟಿಲಿಗೆ ಬಂದು ಫೋನು ಮಾಡಿದ.

“ಒಂದೇ ವರ್ಷವಾ ಡಾಕ್ಟ್ರೇ? ಅದಕ್ಕಿಂತ ಜಾಸ್ತಿ ಬರಲ್ವಾ?” ಎಂದು ಕೇಳಿದ. ಸ್ವಲ್ಪ ಹೊತ್ತು ಹೂಂಗುಟ್ಟಿದ. “ಆಮೇಲೆ ಪೂರ್ತಿ ಕರಗಿ ಹೋಗುತ್ತಾ? ಏನೂ ಉಳಿಯಲ್ವಾ? ಆ ಇನ್ನೊಂದು ಥರದ್ದು ಹೇಗೆ? ಗಂಟು ಕಟ್ಟಿದರೆ ಕೊಯ್ದು ತೆಗೀಬೇಕಾ! ಬೇಡ, ಬೇಡ ಸಾರ್. ಇಲ್ಲ, ಹೆಂಡತಿಗೆ ಹೇಳಿಲ್ಲ. ಅವಳಿಗೆ ಗೊತ್ತಾಗೋದೇ ಬೇಡ. ಇವತ್ತು ಮಧ್ಯಾಹ್ನ ಬರ್ತೀನಿ.”

ಮೇಲಿನ ಕಿಟಕಿಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತು ಬಹಳ ಹೊತ್ತಾಗಿತ್ತು.

ಮಹಡಿಯಮ್ಮ ಕೆಟ್ಟವಳಲ್ಲ. ಬೀದಿಯ ದುಃಖವೆಲ್ಲ ತನ್ನ ಕೈ ಹಾಯ್ದೇ ಹೋಗಬೇಕು ಎನ್ನುವ ಹಠವೊಂದನ್ನು ಬಿಟ್ಟರೆ ಬಂಗಾರದಂಥವಳು. ಲಾಕರಣ್ಣ ಕೆಲಸಕ್ಕೆ ಹೊರಟಾಗ ಗೇಟಿನ ಹತ್ತಿರ ಅಡ್ಡ ನಿಂತು ಅವನ ತಲೆ ಸವರಿದಳು.

“ಏನು ತಿನ್ನಬೇಕು ಅನ್ನಿಸುತ್ತೋ ಎಲ್ಲಾ ತಿಂದುಬಿಡಪ್ಪಾ,” ಎಂದಳು. “ಆಸೆ ಇಟ್ಕೋಬಾರದು.”

ಅವನು ತಲೆಯಾಡಿಸಿ ಬಸ್ಸು ಹತ್ತಿದ. ಅವನ ಬಸ್ಸು ನಿಲ್ದಾಣ ನಿಲ್ದಾಣಕ್ಕೂ ನಿಂತು ಹೋಯಿತು. ಅವಳ ಮಾತು ಎಲ್ಲೂ ನಿಲ್ಲದೆ ಹೋಯಿತು. ಈಜುಕೊಳದ ಮ್ಯಾನೇಜರನ ಹೆಂಡತಿ ಮಹಡಿಯಮ್ಮನಿಗೆ ಬೆಳಗಿನ ವಾಕಿಂಗಿನ ಜೊತೆಗಾತಿ.

ಯಾವತ್ತೂ ಕುರ್ಚಿ ಬಿಟ್ಟು ಏಳದ ಮ್ಯಾನೇಜರು ಅಂದು ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲೇ ನಿಂತಿದ್ದ. ಲಾಕರಣ್ಣ ಕೈಗೆತ್ತಿಕೊಂಡ ನೆಲ ಒರೆಸುವ ಕೋಲನ್ನು ಮೆಲ್ಲಗೆ ಕಿತ್ತುಕೊಂಡ.

“ಸಾರ್, ನೆಲ ಒದ್ದೆ ಇದೆ…”

“ಇರಲಿ ಬಿಡಯ್ಯ. ನಮಗೆಲ್ಲ ವಿಷಯ ಗೊತ್ತಾಯ್ತು.”

ಲಾಕರಣ್ಣ ದನಿ ತಗ್ಗಿಸಿದ. “ಯಾವ ವಿಷಯ ಸಾರ್?”

“ನಿನ್ನ ವಿಷಯಾನೇ. ಡಾಕ್ಟರ ಹತ್ತಿರ ಮಾತಾಡಿದ್ಯಂತಲ್ಲ. ಇಂಥದ್ದನ್ನೆಲ್ಲ ಮುಚ್ಚಿಡೋಕ್ಕಾಗುತ್ತಾ?”

“ಎಲ್ಲರಿಗೂ ಗೊತ್ತಾ?”

“ಎಲ್ಲರಿಗೂ. ಟಿಕೆಟ್ ಕೊಡೋಳು ಆಗಲಿಂದ ಅಳ್ತಾ ಕೂತಿದ್ದಾಳೆ.”

ಅವಮಾನದಿಂದ ಲಾಕರಣ್ಣನ ಕಿವಿ ಕೆಂಡವಾಯಿತು. “ಅಳೋ ಅಷ್ಟೇನೂ ಚಿಕ್ಕದಲ್ಲ ಸಾರ್,” ಎಂದ.

“ಚಿಕ್ಕದಲ್ಲ ಅಂತಾನೇ ಕಣಯ್ಯ ನಾವೂ ಅಳ್ತಿರೋದು!” ಮ್ಯಾನೇಜರು ಅವನ ಹೆಗಲು ಹಿಡಿದ. “ನಮ್ಮ ಮಾವನಿಗೂ ಹೀಗೇ ಗಂಟಾಗಿತ್ತು. ಕೊಯ್ಸಿದ್ವಿ, ಎಲ್ಲಾ ಮಾಡಿದ್ವಿ. ಚಳಿಗಾಲ ದಾಟಲಿಲ್ಲ. ನಿನಗೆ ಒಂದು ವರ್ಷನಾದ್ರೂ ಕೊಟ್ಟಿದ್ದಾರೆ.”

ಆಗ ಲಾಕರಣ್ಣನಿಗೆ ಅರ್ಥವಾಯಿತು. ಒಂದು ಕ್ಷಣ ಹೋದ ಜೀವ ಬಂದಂತಾಯಿತು. ಸಾಯುವುದಿಲ್ಲ ಸಾರ್, ಅದು ಬೇರೆ ವಿಷಯ ಎನ್ನಲು ಬಾಯಿ ತೆರೆದ. ಬೇರೆ ವಿಷಯ ಅಂದರೆ ಯಾವುದು ಎಂಬ ಪ್ರಶ್ನೆ ಮುಂದೆ ಬಂದು ನಿಂತಿತು. ಒಂದು ವರ್ಷ ಬಾಳುವುದು ಏನು? ಗಂಟು ಕಟ್ಟುವುದು ಎಲ್ಲಿ? ಅವನ ಬೆನ್ನ ಹಿಂದೆ ಈಜಲು ಬಂದ ಗಂಡಸರು, ಅಂದು ಮಾತ್ರ ಮರ್ಯಾದೆಯಿಂದ ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಂಡು, ತಲೆ ತಗ್ಗಿಸಿ ಸಾಲಾಗಿ ನಿಂತಿದ್ದರು. ಅವನು ಬಾಯಿ ಮುಚ್ಚಿದ.

“ನಾಳೆಯಿಂದ ನಿನ್ನ ಜಾಗಕ್ಕೆ ಬೇರೆಯವನು ಬರ್ತಾನೆ,” ಎಂದ ಮ್ಯಾನೇಜರು, ಉಪಕಾರ ಮಾಡುವವನ ದನಿಯಲ್ಲಿ. “ಆ ಕ್ಲೋರಿನ್ ವಾಸನೆ ಕುಡ್ಕೊಂಡು ನೀನು ಹೋಗಬಾರದು. ಮನೆಗೆ ಹೋಗು. ಹೆಂಡತಿ ಜೊತೆ ಇರು.”

“ನನಗೆ ಕೆಲಸ ಬೇಕು ಸಾರ್.”

“ಕೊನೇ ಗಳಿಗೇಲೂ ಕೆಲಸ ಅಂತೀಯಲ್ಲೋ!” ಮ್ಯಾನೇಜರು ಕಣ್ಣೊರೆಸಿಕೊಂಡು, ಬೀಗದ ಕೈಗಳ ಗೊಂಚಲನ್ನು ಅವನ ಸೊಂಟದಿಂದ ತಾನೇ ಬಿಚ್ಚಿಕೊಂಡ.

ಕೆಲಸ ಹೋಯಿತು, ಮಾನವೊಂದು ಉಳಿಯಿತು ಎಂದುಕೊಳ್ಳುತ್ತ ಲಾಕರಣ್ಣ ಕ್ಲಿನಿಕ್ಕಿನ ದಾರಿ ಹಿಡಿದ. ಇಷ್ಟೆಲ್ಲ ಕಳೆದುಕೊಂಡ ಮೇಲೆ ಹೊರಟ ಕೆಲಸವನ್ನಾದರೂ ಮುಗಿಸೋಣ ಎಂಬ ಮೊಂಡು ಧೈರ್ಯ.

ಡಾಕ್ಟರು ಪರದೆಯ ಹಿಂದೆ ಪರೀಕ್ಷೆ ಮಾಡಿ, ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದ. “ನಿಮ್ಮದು ಮಾಮೂಲಿ,” ಎಂದ. “ಎಲ್ಲರ ಹಾಗೇ ಇದೆ.”

ಇದು ಹೊಗಳಿಕೆಯೋ ತೆಗಳಿಕೆಯೋ ಲಾಕರಣ್ಣನಿಗೆ ತಿಳಿಯಲಿಲ್ಲ. “ಸಾರ್, ಆ ಜೆಲ್ಲು…”

“ಹಾಕಬಹುದು. ಬಾವು ಬರಬಹುದು, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಬಹುದು, ಕೀವು ಕಟ್ಟಬಹುದು. ಬೇಡ ಅಂದರೆ ಕರಗಿಸೋಕೆ ಇನ್ನೊಂದು ಸೂಜಿ ಇದೆ, ಅದೊಂದು ಸಮಾಧಾನ. ಮೈಯನ್ನೇ ಬೆಳೆಸೋ ಥರದ್ದು ಎಲ್ಲಿ ಬೆಳೆಸುತ್ತೋ ಅದರ ಇಷ್ಟ. ಪ್ಲಾಸ್ಟಿಕ್ ಮಣಿ ಕೆಟ್ಟರೆ ಚಾಕೂನೇ ಗತಿ. ಯಾವುದರಲ್ಲೂ ಉದ್ದ ಒಂದು ಕೂದಲೆಳೆಯಷ್ಟೂ ಹೆಚ್ಚಲ್ಲ, ಅದು ನೆನಪಿರಲಿ. ಇನ್ನು ಬ್ಯೂಟಿ ಪಾರ್ಲರಲ್ಲಿ ಎಣ್ಣೆ ಚುಚ್ಚಿಸಿಕೊಂಡು ಬಂದೋರೊಬ್ಬರ ಫೋಟೋ ಇದೆ. ಮುಖ ಇಲ್ಲ, ಹೆಸರಿಲ್ಲ. ನೋಡ್ತೀರಾ?”

“ಬೇಡ ಸಾರ್.”

“ನೋಡಿ,” ಎಂದು ಡಾಕ್ಟರು ತೋರಿಸಿಯೇ ಬಿಟ್ಟ.

ಮಣ್ಣಿನಿಂದ ಆಗಷ್ಟೇ ಕಿತ್ತ ಶುಂಠಿಯ ಬೇರಿನಂತಿತ್ತು. ಲಾಕರಣ್ಣ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಕೊಳದಲ್ಲಿ ಕಂಡ ಗಂಡಸರೆಲ್ಲ ಒಬ್ಬೊಬ್ಬರಾಗಿ ಅವನ ತಲೆಯಿಂದ ಇಳಿದು ಹೋದರು.

“ಮನೆಯವರು ಏನಂತಾರೆ?” ಡಾಕ್ಟರು ಕೇಳಿದ.

“ಕೇಳಿಲ್ಲ ಸಾರ್.”

“ಹೋಗಿ ಕೇಳಿ. ಅವರೂ ಬೇಕು ಅಂದರೆ ಇಬ್ಬರೂ ಬನ್ನಿ. ಇವತ್ತು ನಾನು ಸೂಜಿ ಹಾಕಲ್ಲ.”

ಹೊರಗೆ ಬಂದ ಲಾಕರಣ್ಣನಿಗೆ ಮೈ ಹಗುರವಾಗಿತ್ತು. ಬಿಸಿಲಿನಲ್ಲಿ ನಡೆಯುತ್ತ ತೀರ್ಮಾನ ಮಾಡಿಕೊಂಡ. ಬೀದಿಯವರು ಏನಾದರೂ ಅಂದುಕೊಳ್ಳಲಿ, ಹೆಂಡತಿಗೆ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳುವುದು. ಅವಳು ನಗುತ್ತಾಳೆ. ನಕ್ಕರೆ ನಗಲಿ. ನಾಳೆ ಮ್ಯಾನೇಜರನಿಗೆ ಡಾಕ್ಟರದ್ದೇ ತಪ್ಪು, ಬೇರೆಯವರ ರಿಪೋರ್ಟು ನನ್ನ ಹೆಸರಿಗೆ ಬಂದಿತ್ತು ಎಂದು ಹೇಳಿ ಬೀಗದ ಕೈ ವಾಪಸು ತೆಗೆದುಕೊಳ್ಳುವುದು.

ಮನೆಯ ಮುಂದೆ ಬಾಡಿಗೆ ಕುರ್ಚಿಗಳು ಬಂದಿದ್ದವು. ಅವುಗಳ ಮೇಲೆ ಅಕ್ಕಪಕ್ಕದವರು ದನಿ ತಗ್ಗಿಸಿ ಮಾತಾಡುತ್ತ ಕೂತಿದ್ದರು. ಮ್ಯಾನೇಜರೂ ಬಂದಿದ್ದ. ಎಲ್ಲರಿಗೂ ನೀರು ಕೊಡುತ್ತ ಓಡಾಡುತ್ತಿದ್ದವನು ಹೆಂಡತಿಯ ತಮ್ಮ. ಮೆಡಿಕಲ್ ಶಾಪಿನಲ್ಲಿ ಮಾತ್ರೆ ಎತ್ತಿ ಕೊಡುವ ಕೆಲಸದವನಾದ್ದರಿಂದ ಮನೆಮಂದಿಯ ಪಾಲಿಗೆ ಅವನು ಅರ್ಧ ಡಾಕ್ಟರು.

“ಭಾವಾ, ಯಾವ ಸ್ಟೇಜು?” ಎಂದ ಕಿವಿಯ ಹತ್ತಿರ ಬಂದು.

“ಯಾವ ಸ್ಟೇಜೂ ಇಲ್ಲ. ನಂಗೇನೂ ಆಗಿಲ್ಲ ಕಣೋ.”

ಭಾವಮೈದ ಕೂತವರ ಕಡೆ ತಿರುಗಿ ತಲೆಯಾಡಿಸಿದ. “ಮೊದಮೊದಲು ಎಲ್ಲರೂ ಹೀಗೇ ಅನ್ನೋದು. ಒಪ್ಪಿಕೊಳ್ಳೋಕೆ ಟೈಮ್ ಬೇಕು.”

“ಬಣ್ಣ ನೋಡಿ, ಬೆಳಿಗ್ಗೆಗೂ ಈಗಲೂ,” ಎಂದಳು ಮಹಡಿಯಮ್ಮ. ಬಿಸಿಲಿನಲ್ಲಿ ನಡೆದು ಬಂದ ಮುಖ ಬಾಡಿತ್ತು, ನಿಜ. ನಾಲ್ಕಾರು ಜನ ನಿಟ್ಟುಸಿರು ಬಿಟ್ಟರು.

ಲಾಕರಣ್ಣ ಅವರನ್ನು ದಾಟಿ ಒಳಗೆ ಹೋಗಿ ಮಲಗುವ ಕೋಣೆಯ ಬಾಗಿಲು ಮುಚ್ಚಿದ. ಹೆಂಡತಿ ಮಂಚದ ತುದಿಯಲ್ಲಿ ಕೂತಿದ್ದಳು. ಯಾರದೋ ಮನೆಯ ಕರ್ಟನ್ನು ಅರ್ಧ ಹೊಲಿದದ್ದು ಮಡಿಲಲ್ಲಿತ್ತು. ಅದರಲ್ಲೇ ಕಣ್ಣೊರೆಸಿಕೊಂಡು ಒಂದು ಮೂಲೆ ಒದ್ದೆಯಾಗಿತ್ತು.

“ಮೊದಲು ನಂಗಲ್ವಾ ಹೇಳಬೇಕಾದದ್ದು?” ಎಂದಳು. “ಮೇಲಿನ ಮನೆಯೋರು ಬಂದು ಹೇಳಬೇಕಾ? ಇಪ್ಪತ್ತು ವರ್ಷ ಒಂದೇ ತಟ್ಟೇಲಿ ಉಂಡ ಹಾಗೆ ಬದುಕಿದೀವಿ ಅಂದ್ಕೊಂಡಿದ್ದೆ ಕಣ್ರೀ.”

ಅವನು ಅವಳ ಪಕ್ಕ ಕೂತು, ನೆಲ ನೋಡುತ್ತ, ಎಲ್ಲವನ್ನೂ ಹೇಳಿದ. ಟವೆಲ್ಲಿನ ಗಂಡಸರಿಂದ ಹಿಡಿದು ಜೆಲ್ಲು, ಮಣಿ, ಶುಂಠಿಯ ಬೇರಿನವರೆಗೆ ಯಾವುದನ್ನೂ ಬಿಡಲಿಲ್ಲ.

ಅವಳು ಬಾಯಿ ತೆರೆದು ಕೇಳಿದಳು. ಕೇಳಿ ಮುಗಿದ ಮೇಲೆ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಕರ್ಟನ್ನನ್ನು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಕುಲುಕುವ ಹಾಗೆ. “ಹಾಗಾದ್ರೆ ಸಾಯಲ್ವಾ?” “ಇಲ್ಲ ಕಣೇ!” ಅವನೂ ನಕ್ಕ. ಎಷ್ಟೋ ವಾರಗಳ ಮೇಲೆ ಇಬ್ಬರೂ ಒಟ್ಟಿಗೆ ನಕ್ಕರು.

ಅವಳ ನಗು ಮೊದಲು ನಿಂತಿತು.

“ಯಾರಿಗೋಸ್ಕರ?” ಎಂದು ಕೇಳಿದಳು.

“ಏನು ಯಾರಿಗೋಸ್ಕರ?”

“ನಾನು ಕೇಳಿದ್ನಾ?”

“ಇಲ್ಲ.”

“ಇಷ್ಟು ವರ್ಷದಲ್ಲಿ ಒಂದು ದಿನ ಸಾಲದು ಅಂದ್ನಾ?”

“ಅಯ್ಯೋ, ಇಲ್ಲ ಕಣೇ.”

“ಹೆಂಡತಿಗೆ ಗೊತ್ತಾಗೋದೇ ಬೇಡ ಅಂದ್ರಂತೆ ಡಾಕ್ಟ್ರ ಹತ್ತಿರ. ನಂಗೆ ಗೊತ್ತಾಗದ ಹಾಗೆ ನಂಗೋಸ್ಕರ ಅದನ್ನ ಹೇಗ್ರೀ ಮಾಡಿಸ್ತಾರೆ? ಮೂಗಾ ಅದು, ಬೀದಿಯೋರೆಲ್ಲ ನೋಡೋಕೆ? ನಂಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕಿತ್ತು?”

ಈ ಲೆಕ್ಕಾಚಾರ ಲಾಕರಣ್ಣನಿಗೆ ಹೊಳೆದೇ ಇರಲಿಲ್ಲ. “ಯಾರಿಗೂ ಅಲ್ಲ,” ಎಂದ. “ಸುಮ್ಮನೆ. ನನಗೇ ಇರಲಿ ಅಂತ.”

“ಸುಮ್ಮನೆ ಇರಲಿ ಅಂತ ಯಾರಾದ್ರೂ ಅಲ್ಲಿಗೆ ಸೂಜಿ ಚುಚ್ಚಿಸಿಕೊಳ್ತಾರಾ?”

ತಾನಂದ ಮಾತು ಸುಳ್ಳಿನಂತೆ ಅವನ ಕಿವಿಗೇ ಕೇಳಿಸಿತು. ನಿಜವೆಂಬುದು ಇಷ್ಟು ಪೊಳ್ಳಾಗಿ ಕೇಳಿಸಬಹುದು ಎಂದು ಅವನು ಎಣಿಸಿರಲಿಲ್ಲ. “ಟಿಕೆಟ್ ಕೊಡೋಳು ಅಳ್ತಿದ್ಲಂತೆ,” ಎಂದಳು ಅವಳು ತಣ್ಣಗೆ. “ನಿಮ್ಮ ಮ್ಯಾನೇಜರೇ ಹೇಳಿದ್ರು. ಬೆಳಿಗ್ಗೆಯಿಂದ ಒಂದೇ ಸಮನೆ ಅಳ್ತಿದ್ಲಂತೆ.”

“ಅವಳಿಗೂ ಇದಕ್ಕೂ…”

ಅವಳು ಕರ್ಟನ್ನನ್ನು ಮಡಿಸಿ ಮಂಚದ ಮೇಲಿಟ್ಟಳು. ಎದ್ದು ಹೊರಗೆ ಹೋಗಿ ಬಾಗಿಲೆಳೆದು ಆಚೆಯಿಂದ ಚಿಲಕ ಹಾಕಿದಳು.

ಅವಳ ಮುಖ ನೋಡಿ ಜಗಲಿಯಲ್ಲಿದ್ದವರೆಲ್ಲ ಎದ್ದು ನಿಂತರು. “ಏನಮ್ಮಾ, ಹೇಗಿದ್ದಾನೆ?” ಎಂದಳು ಮಹಡಿಯಮ್ಮ.

“ನನ್ನ ಪಾಲಿಗೆ ಅವರು ಹೋದ್ರು,” ಎಂದು ಅವಳು ಗೋಡೆಗೊರಗಿ ಕುಸಿದು ಕೂತಳು. ಈಗ ಬಂದ ಅಳು ಮಧ್ಯಾಹ್ನದ ಅಳುವಿಗಿಂತ ದೊಡ್ಡದಾಗಿತ್ತು.

“ಹೋದ್ನಾ!” ಮಹಡಿಯಮ್ಮ ಎರಡೂ ಕೈ ಮೇಲೆತ್ತಿದಳು. “ಅಯ್ಯೋ, ಇಷ್ಟು ಬೇಗ ಹೋಗಿಬಿಟ್ನಾ!”

ಬೀದಿ ಒಟ್ಟಿಗೇ ಬಾಯಿ ತೆರೆಯಿತು. “ಈಗಷ್ಟೇ ನನ್ನ ಮುಂದೆಯೇ ಒಳಗೆ ಹೋದ,” ಎಂದು ಮ್ಯಾನೇಜರು ಬಿಕ್ಕುತ್ತಿದ್ದ. “ಬೀಗದ ಕೈ ಬಿಚ್ಚಿಕೊಂಡಾಗಲೇ ಅರ್ಧ ಜೀವ ಹೋಗಿತ್ತು ಕಣ್ರೀ ಅವನದು.” ಭಾವಮೈದ ಆಗಲೇ ಹಿತ್ತಿಲ ಮೆಟ್ಟಿಲಿಗೆ ಓಡಿದ್ದ. “ಹಲೋ, ಹೌದು, ನಮ್ಮ ಭಾವ. ಗಂಟು ಒಡೆದುಹೋಯ್ತು ಅನ್ಸುತ್ತೆ. ಒಂದು ಗಾಡಿ ಬೇಕಿತ್ತು. ಬೇಗ ಬಂದರೆ ಒಳ್ಳೇದು, ಬಿಸಿಲು ಜಾಸ್ತಿ.” ಹೆಂಡತಿ ತಲೆ ಎತ್ತಿ ಎಲ್ಲರನ್ನೂ ಒಮ್ಮೆ ನೋಡಿದಳು. ಏನೋ ಹೇಳುವವಳಂತೆ ತುಟಿ ಅಲುಗಿತು. ಆಮೇಲೆ, ಹೇಳುವ ಅಗತ್ಯ ಕಾಣದೆ, ಮತ್ತೆ ಮೊಣಕಾಲಿನ ಮೇಲೆ ತಲೆಯಿಟ್ಟಳು.

ಒಳಗೆ ಲಾಕರಣ್ಣ ಬಾಗಿಲಿಗೆ ಹಾರಿ ಬಂದು, ಬಡಿಯಲು ಕೈ ಎತ್ತಿದ.

ಬಡಿದರೆ ತೆಗೆಯುತ್ತಾರೆ. ಕಿರುಚಿ, ಬಿದ್ದು, ಎದ್ದು, ಆಮೇಲೆ ಎಲ್ಲರೂ ಸುತ್ತ ನಿಂತುಕೊಳ್ಳುತ್ತಾರೆ. ನಿನಗೇನೂ ಆಗಿಲ್ಲವಾದರೆ ನಿನ್ನ ಹೆಂಡತಿ ಯಾಕೆ ಹೀಗೆ ಅಳುತ್ತಿದ್ದಾಳೆ ಎಂದು ಕೇಳುತ್ತಾರೆ. ಭಾವಮೈದ ಕೇಳುತ್ತಾನೆ. ಮ್ಯಾನೇಜರು ಕೇಳುತ್ತಾನೆ. ಮಹಡಿಯಮ್ಮ ಎಲ್ಲರಿಗಿಂತ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಾಳೆ.

ಎತ್ತಿದ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು. ಮೆಲ್ಲಗೆ ಇಳಿಯಿತು. ಅವನು ಸದ್ದಾಗದಂತೆ ಹಿಂದೆ ಸರಿದು, ಮಂಚದ ಮೇಲೆ ನೆಟ್ಟಗೆ ಮಲಗಿ, ಹೊದಿಕೆಯನ್ನು ಮುಖ ಮುಚ್ಚುವವರೆಗೂ ಎಳೆದುಕೊಂಡ.